ಶ್ರೀನಿವಾಸಪುರದ ಬಸ್ಸಲ್ಲಿ ಮಾತಾಡದ ಇಬ್ಬರು

ಕಂಡಕ್ಟರ್ ಆದವನಿಗೆ ಅನುಮಾನ ಯೂನಿಫಾರ್ಮ್ ಜೊತೆಗೇ ಬರುತ್ತೆ. ಶ್ರೀನಿವಾಸಪುರದಿಂದ ಕೋಲಾರಕ್ಕೆ ಹೋಗುವ ನನ್ನ ಬೆಳಗಿನ ಬಸ್ಸಲ್ಲಿ ಅದಕ್ಕೆ ರಜೆಯೇ ಇಲ್ಲ. ಭಾನುವಾರ ನನ್ನ ಹೆಂಡತಿ ಹಳೇ ಕಪ್ಪು-ಬಿಳುಪು ಸಿನಿಮಾ ಹಾಕಿಕೊಂಡು, ಹೀರೋ ಹೀರೋಯಿನ್ ಇಬ್ಬರೂ ನಾಚಿಕೊಂಡು ನೆಲ ನೋಡುವಾಗ ಕಣ್ಣೊರೆಸಿಕೊಳ್ಳುತ್ತಾಳೆ. "ಇಂಥೋರು ಎಲ್ಲಾದ್ರೂ ಇರ್ತಾರೇನೇ? ಏನೋ ಮಸಲತ್ತಿದೆ" ಅನ್ನುತ್ತಿದ್ದೆ. ಇದ್ದರು, ನನ್ನ ಬಸ್ಸಲ್ಲೇ.

ಟವೆಲ್

ಕೋಲಾರದ ಗೊಬ್ಬರದಂಗಡಿಯಲ್ಲಿ ಕೆಲಸ ಮಾಡುವವನೊಬ್ಬ ದಿನಾ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಿದ್ದ. ಆಸ್ಪತ್ರೆ ಲ್ಯಾಬಿನಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಹತ್ತಿದ ತಕ್ಷಣ ಟವೆಲ್ ಎತ್ತಿಕೊಂಡು ಹಿಂದೆ ಹೋಗಿ ನಿಲ್ಲುತ್ತಿದ್ದ. ಅವಳು ಕೂರುತ್ತಿದ್ದಳು. ಮಾತಿಲ್ಲ, ಕತೆಯಿಲ್ಲ.

"ಸೀಟು ಮಾರ್ತೀಯೇನಯ್ಯಾ?" ಅಂದೆ. ಅವನು ಕೆಂಪಗಾಗಿ ಪಾಸ್ ತೋರಿಸಿದ. "ಏನಮ್ಮಾ, ಇವನಿಗೆ ಏನಾದ್ರೂ ಕೊಡ್ತೀಯಾ?" ಅಂದೆ. ಅವಳೂ ತಲೆ ತಗ್ಗಿಸಿದಳು. ಇಬ್ಬರೂ ಬಾಯಿ ಬಿಡುತ್ತಿಲ್ಲ ಅಂದಮೇಲೆ ವ್ಯಾಪಾರ ದೊಡ್ಡದೇ ಇರಬೇಕು ಅಂದುಕೊಂಡೆ.

ವಾರಸುದಾರರಿಲ್ಲದ ಚೀಲ

ಒಂದು ದಿನ ಅವಳು ಆಸ್ಪತ್ರೆ ಸ್ಟಾಪಲ್ಲಿ ಇಳಿದ ಮೇಲೆ ಸೀಟಿನ ಮೇಲೊಂದು ಚೀಲ. "ಯಾರದ್ರೀ ಇದು?" ಅಂತ ಕೂಗಿದೆ. ಗೊಬ್ಬರದಂಗಡಿಯವನು ಚೀಲ ನೋಡಿದ, ನನ್ನ ನೋಡಿದ, ಕಿಟಕಿ ನೋಡಿದ. ಬಾಂಬೇ ಇರಬೇಕು ಅಂತ ನಾನು ಬಸ್ ಖಾಲಿ ಮಾಡಿಸಿಬಿಟ್ಟೆ. ಡ್ರೈವರ್ ಧೈರ್ಯ ಮಾಡಿ ಕೋಲಿನಲ್ಲಿ ಬಿಚ್ಚಿದರೆ ಡಬ್ಬಿ ತುಂಬ ಚಿತ್ರಾನ್ನ, ಮೇಲೆ ವಡೆ!

ನಾನೂ ಡ್ರೈವರೂ ಸೇರಿ ಮುಗಿಸಿದೆವು. ಗೊಬ್ಬರದಂಗಡಿಯವನು ನಿಂತು ನೋಡುತ್ತಲೇ ಇದ್ದ. ದೃಷ್ಟಿಯಾಗುತ್ತೆ ಅಂತ ಬೆನ್ನು ತಿರುಗಿಸಿ ತಿಂದೆವು.

ಮಾರನೇ ದಿನ ಖಾಲಿ ಡಬ್ಬಿ ನೋಡಿ ಅವಳು ಹಿಂದಕ್ಕೆ ತಿರುಗಿ ನಕ್ಕಳು. ಅವಳು ಅದನ್ನ ಅವನಿಗೇ ಅಂತ ಬಿಟ್ಟುಹೋಗಿದ್ದಳು ಅಂತ ಆಗಲೇ ನನಗೆ ಅರ್ಥವಾಗಿದ್ದು. ನಾಚಿಕೆಯಿಂದ ಸತ್ತೆ. ಅವನು ಮಾತ್ರ "ಚೆನ್ನಾಗಿತ್ತು" ಅನ್ನೋ ಹಾಗೆ ತಲೆಯಾಡಿಸಿದ.

ಆಯಮ್ಮನ ಪರೀಕ್ಷೆ

ಆಮೇಲೊಂದು ದಿನ ಅವಳ ತಾಯಿಯೇ ಬಸ್ ಹತ್ತಿದರು. ಮಗಳನ್ನು ಮುಂದೆ ಕೂರಿಸಿ, ನನ್ನ ಕಿವಿಯಲ್ಲಿ, "ಮುಳಬಾಗಿಲಿಂದ ಒಳ್ಳೇ ಸಂಬಂಧ ಬಂದೈತೆ ನಾಯನಾ, ನಾಳೆ ಮಾತು ಕೊಡ್ಬೇಕು. ಇವ್ಳು ಹೂಂ ಅನ್ನಲ್ಲ, ಉಹೂಂ ಅನ್ನಲ್ಲ. ಬಸ್ಸಲ್ಲಿ ಯಾರಾದ್ರೂ ಇದಾರಾ?" ಅಂದರು.

ಚಿತ್ರಾನ್ನದ ಋಣ. "ಅಗೋ, ಅವನು. ಬಂಗಾರದಂಥವನು ಕಣಮ್ಮಾ. ಆದ್ರೆ ಅವನ ದನಿ ಮಾತ್ರ ನಾನು ಇವತ್ತಿನವರೆಗೂ ಕೇಳಿಲ್ಲ."

ಆಯಮ್ಮನ ಅನುಮಾನ ನನ್ನದಕ್ಕಿಂತ ದೊಡ್ಡದು. "ಮೂಗನಾ?" ಅಂತ ಸೀದಾ ಹಿಂದೆ ಹೋಗಿ, ಬಸ್ ಕುಲುಕಿದ ನೆಪದಲ್ಲಿ ಅವನ ಪಾದ ಬಲವಾಗಿ ತುಳಿದರು. ಅವನು ತುಟಿ ಕಚ್ಚಿಕೊಂಡು ಸುಮ್ಮನಾದ. "ಅಯ್ಯೋ ಪಾಪ, ನಿಜವಾಗ್ಲೂ ಮೂಗ" ಅಂತ ಆಯಮ್ಮ ತಿರುಗುವಷ್ಟರಲ್ಲಿ ಮುಂದಿನ ಸೀಟಿಂದ ಮಗಳು ಎದ್ದು ನಿಂತು ಕೂಗಿದಳು: "ಏನಮ್ಮಾ ನೀನು! ಅವ್ರ ಉಳುಕಿರೋ ಕಾಲನ್ನೇ ತುಳಿದ್ಯಲ್ಲಾ!"

ಬಸ್ಸೆಲ್ಲ ಅವಳ ಕಡೆ ತಿರುಗಿತು.

"ಉಳುಕಿರೋದು ನಿನಗೆ ಹೆಂಗೆ ಗೊತ್ತೇ?" ಅಂದರು ತಾಯಿ.

ಅವಳು ಮುಖ ಮುಚ್ಚಿಕೊಂಡಳು. ಆಗ ಹಿಂದಿನಿಂದ ಮೆತ್ತಗೆ ಒಂದು ದನಿ: "ಗಾಬರಿ ಆಗ್ಬೇಡಿ. ಉಳುಕಿರೋದು ಇನ್ನೊಂದು ಕಾಲು."

"ಮಾತು ಬರ್ತೈತೆ! ಮುಳಬಾಗಿಲೋರಿಗೆ ಬೇಡ ಅಂತ ಹೇಳ್ಬಿಡ್ತೀನಿ!" ಅಂತ ಆಯಮ್ಮ ಸಂತೋಷಕ್ಕೆ ನುಗ್ಗಿ ಅವನ ಕೈ ಹಿಡಿದುಕೊಂಡರು. ಆ ಭರದಲ್ಲಿ ಈ ಸಲ ತುಳಿದಿದ್ದು ಉಳುಕಿದ ಕಾಲನ್ನೇ. ಅವನು ಕಿರುಚಿದ ರಭಸಕ್ಕೆ ಡ್ರೈವರ್ ಬ್ರೇಕ್ ಒತ್ತಿದ.

ಆಯಮ್ಮ ನನ್ನ ಕಡೆ ತಿರುಗಿ ಹೇಳಿದರು: "ಗಂಟಲೂ ಗಟ್ಟಿಯಾಗೈತೆ."