ಆಧಾರ್ ಬಂದದೆ, ಆಯಮ್ಮ ಎಲ್ಲಿ?

ನಮ್ಮ ಸೋದರಮಾವನಿಗೆ ಸರ್ಕಾರದ ಮೇಲಿರುವಷ್ಟು ನಂಬಿಕೆ ಸರ್ಕಾರಕ್ಕೇ ತನ್ನ ಮೇಲಿಲ್ಲ. ಹೊಳೆನರಸೀಪುರದಲ್ಲಿ ಅವರದೊಂದು ಪುಟ್ಟ ಚಿನ್ನಬೆಳ್ಳಿ ಅಂಗಡಿ. ಹಳೆಯ ಒಡವೆ ಕೊಂಡರೆ ಮಾರಿದವರ ಹೆಸರು, ವಿಳಾಸ, ಗುರುತಿನ ಚೀಟಿ ದಾಖಲೆಯಲ್ಲಿರಬೇಕು ಎಂಬುದು ನಿಯಮ. ಉಳಿದವರು ಅದನ್ನು ಪಾಲಿಸುತ್ತಾರೆ, ಮಾವ ಪೂಜಿಸುತ್ತಾರೆ.

ನಮ್ಮಮ್ಮ ಒಮ್ಮೆ ಹಳೆಯ ಕಾಲುಚೈನು ಮಾರಲು ಹೋದರು. ಮಾವ ಆಧಾರ್ ಕೇಳಿದರು.

“ಲೇ, ನಾನು ನಿನ್ನ ಅಕ್ಕ ಕಣ್ಲಾ.”

“ಅಕ್ಕ ಅಂತ ಬರೆಯಕ್ಕೆ ಇದ್ರಲ್ಲಿ ಜಾಗ ಕೊಟ್ಟಿಲ್ಲ ಕಣಕ್ಕ.”

ಅಮ್ಮ ಮನೆಗೆ ಹೋಗಿ ಕಾರ್ಡು ತಂದರು. ಮಾವ ಕಾರ್ಡನ್ನೊಮ್ಮೆ, ಅಮ್ಮನನ್ನೊಮ್ಮೆ ನೋಡಿ, “ಈ ಫೋಟೋದಲ್ಲಿರೋರು ಯಾರು?” ಎಂದರು. ಆ ಸಲ ಗೌರಿಹಬ್ಬಕ್ಕೆ ಅಮ್ಮ ತವರಿನ ಬಾಗಿನ ಮುಟ್ಟಲಿಲ್ಲ.

ಅರಕಲಗೂಡು ಕಡೆಯ ಶುಂಠಿ ಬೆಳೆಗಾರರೊಬ್ಬರು ಉಂಗುರ ತಂದಾಗ, ಅದು ಎಲ್ಲಿಂದ ಬಂತೆಂದು ಮಾವನ ಪ್ರಶ್ನೆ.

“ಮದ್ವೇಲಿ ನಮ್ಮಾವ ಆಕಿದ್ದು ಸಾ.”

“ಅವರ ಹೆಸರು?”

“ಅವ್ರು ತೀರ್ಕಂಡ್ರು.”

“ಹೆಸರು ತೀರ್ಕಂಡಿಲ್ವಲ್ಲ, ಹೇಳಿ.”

ಬೆಳೆಗಾರರು ಉಂಗುರ ಬೆರಳಿಗೇರಿಸಿಕೊಂಡು ಎದುರಂಗಡಿಗೆ ನಡೆದರು. ಆಯುಧಪೂಜೆಗೆ ಎದುರಂಗಡಿಯ ಮೊದಲ ಸಿಹಿ ಪೊಟ್ಟಣ ಮಾವನಿಗೇ ಬರುತ್ತದೆ. ಬಾರದೆ ಇರುತ್ತದೆಯೇ? ಅವರ ಅರ್ಧ ವ್ಯಾಪಾರ ಇವರು ಓಡಿಸಿದ ಗಿರಾಕಿಗಳದ್ದು.

ಹೋದ ವರ್ಷ ನಾನು ಅಂಗಡಿಯಲ್ಲಿ ಕೂತಿದ್ದಾಗ ಹಳ್ಳಿಮೈಸೂರಿನ ಒಬ್ಬ ಬಂದ. ನಲವತ್ತು ದಾಟಿದವನು. ತಾಯಿಯ ಓಲೆಗಳನ್ನೂ ಆಕೆಯ ಆಧಾರನ್ನೂ ಮೇಜಿನ ಮೇಲಿಟ್ಟ.

“ಆಧಾರ್ ಬಂದದೆ, ಆಯಮ್ಮ ಎಲ್ಲಿ?” ಎಂದರು ಮಾವ.

“ಮನೇಲವ್ರೆ ಸಾ. ವಯಸ್ಸಾಗದೆ.”

“ಒಡವೆ ಅವರದು. ಅವರೇ ಬರಬೇಕು.”

ಅವನು ಗೊಣಗಿಕೊಂಡು ಹೋದ. ಇವನೂ ಎದುರಂಗಡಿಯ ಪಾಲು ಎಂದುಕೊಂಡೆ. ಆದರೆ ಮಾರನೆಯ ದಿನ ಆಟೋದಲ್ಲಿ ತಾಯಿಯನ್ನು ಕರೆತಂದ. ಬರಿಗಿವಿಯ ಸಣ್ಣ ಮುದುಕಿ. ಮಾವ ಪೆನ್ನು ತೆಗೆದು ಎಲ್ಲರನ್ನೂ ಕೇಳುವ ದನಿಯಲ್ಲೇ ಕೇಳಿದರು: “ನಿಮ್ಮಿಷ್ಟದಿಂದ ಮಾರ್ತಿದ್ದೀರಾ ತಾಯಿ?”

ಆಕೆ ಮಗನ ಮುಖ ನೋಡಿದರು. “ಯಾರ್‍ನ ಕೇಳ್ತಿದ್ದೀಯಪ್ಪ?”

“ನಿಮ್ಮನ್ನೇ.”

ಮಗ ಮೇಜಿನ ಮೇಲಿಟ್ಟಿದ್ದ ಓಲೆಗಳತ್ತ ಕೈ ತೋರಿಸಿ ಆಕೆ ಹೇಳಿದರು: “ನನ್ನ ಯಾರೂ ಕೇಳ್ನಿಲ್ಲ ಕಣಪ್ಪ. ಹಸ ಕರ್ದು, ಡೈರಿಗೆ ಹಾಲಾಕಿ ನಾನೇ ಮಾಡಿಸ್ಕಂಡಿದ್ದು. ನಂಗಿಷ್ಟ ಇಲ್ಲ.”

“ಅವ್ವ, ಬೈಕ್ ತಗಳಕ್ಕೆ ಅಂತ ಹೇಳಿದ್ನಲ್ಲ,” ಎಂದ ಮಗ.

“ಬೈಕ ನಾನ್ ಓಡುಸ್ತೀನೇನ್ಲಾ?”

ಮಗ ಎದ್ದು ಆಟೋ ಹತ್ತಿರ ಹೋಗಿ ನಿಂತ. ಮಾವ ಪೆನ್ನಿನ ಕ್ಯಾಪು ಹಾಕಿದರು. ಇನ್ನೇನು, ಮುಂದಿನವರನ್ನು ಕರೆಯುತ್ತಾರೆ ಎಂದುಕೊಂಡೆ. ಅವರು ಓಲೆಗಳನ್ನು ಒರೆಸಿ ಆಕೆಯ ಅಂಗೈಯಲ್ಲಿಟ್ಟರು. ಹೊಸ ಒಡವೆ ಕೊಳ್ಳುವವರಿಗೆ ತೋರಿಸುವ ಕನ್ನಡಿಯನ್ನು ತೆಗೆದು, ಎದ್ದು ನಿಂತು, ಎರಡೂ ಕೈಯಲ್ಲಿ ಆಕೆಯ ಮುಂದೆ ಹಿಡಿದರು.

ಆಕೆ ಒಂದು ಓಲೆಯನ್ನು ಕಿವಿಗೇರಿಸಿದರು. ತಿರುಪು ಕೂರುತ್ತಿರಲಿಲ್ಲ. ಹೊರಗಿನಿಂದ ಯಾರೋ ಮಾವನನ್ನು ಕೂಗಿದರು. ಮಾವ ತಿರುಗಲಿಲ್ಲ.

“ನಿಧಾನವಾಗಿ ಆಕ್ಕಳಿ ತಾಯಿ,” ಎಂದರು.