ಕಿಟಕಿಗೆ ಸಿಕ್ಕಿಸಿದ ಕೆರಿಬಿಯನ್

ಒಬ್ಬರೇ ಇರುವವರ ಅಳತೆಗೆ ಈ ಲೋಕದಲ್ಲಿ ಯಾವುದನ್ನೂ ಮಾಡಿಲ್ಲ ಎಂಬುದು ನನ್ನ ಬಹುಕಾಲದ ದೂರು. ತೆಂಗಿನಕಾಯಿ ಒಡೆದರೆ ನನ್ನ ಸಾರಿಗೆ ಒಂದು ಕಡಿ ಧಾರಾಳ. ಇನ್ನೊಂದು ಕಡಿ ಮರುದಿನದವರೆಗೂ ನನ್ನ ಮುಖವನ್ನೇ ನೋಡುತ್ತ ಕೂತಿರುತ್ತದೆ. ಹಲಸಿನಹಣ್ಣಂತೂ ಒಬ್ಬಳಿಗಾಗಿ ಹಣ್ಣಾದ ಚರಿತ್ರೆಯೇ ಇಲ್ಲ. ಬೆಳಿಗ್ಗೆ ಮೀನಿನ ಬಾಬಿ ಬಂದಾಗ ಎರಡು ಬಂಗುಡೆ ಸಾಕೆಂದರೆ, "ಎರ್ಡ್ ಬಂಗ್ಡಿಗೆ ನಾನ್ ಬುಟ್ಟಿ ಇಳ್ಸ್ಕಾ ಟೀಚರ್?" ಎಂದು ಕೇಳುತ್ತಾಳೆ. ಅವಳ ಮರ್ಯಾದೆಗೆ ಕಟ್ಟುಬಿದ್ದು ಆರು ತೆಗೆದುಕೊಳ್ಳುತ್ತೇನೆ. ಆಮೇಲೆ ನಾನು ಮತ್ತು ಪಕ್ಕದ ಮನೆಯ ಬೆಕ್ಕು ಮೂರು ದಿನ ಅದೇ ಸಾರು ಉಣ್ಣುತ್ತೇವೆ. ಬೆಕ್ಕಿಗೂ ಈಗ ಬೇಸರ ಬಂದಂತಿದೆ.

ನಾನು ಬೈಂದೂರಿನ ಹತ್ತಿರ ಯಡ್ತರೆಯ ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ಪಾಠ ಹೇಳಿ ಕಳೆದ ವರ್ಷ ನಿವೃತ್ತಳಾದವಳು. ಊರಿಗೆಲ್ಲ ಸರೋಜ ಟೀಚರ್. ಮದುವೆ ಆಗಿಲ್ಲ. ಯಾಕೆ ಆಗಿಲ್ಲ ಎನ್ನುವುದು ಬೇರೆಯೇ ಪ್ರಬಂಧ, ಅದರಲ್ಲಿ ಹಾಸ್ಯ ಕಡಿಮೆ. ಶಾಲೆಯ ಹಿಂದೆಯೇ ಎರಡು ಕೋಣೆಯ ಮನೆ ಕಟ್ಟಿಕೊಂಡಿದ್ದೇನೆ. ಮನೆ ಕಟ್ಟುವಾಗ ನಡೆದು ಹೋಗಲು ಹತ್ತಿರವಾಗಲಿ ಎಂದುಕೊಂಡಿದ್ದೆ, ನಿವೃತ್ತಿಯ ಮೇಲೆ ಇದೆಂಥ ಶಿಕ್ಷೆ ಎಂದು ಆಗ ತಿಳಿಯಲಿಲ್ಲ. ಎಲ್ಲರೂ ಒಂಟಿಯಾದವರಿಗೆ ರಾತ್ರಿ ಕಷ್ಟ ಎನ್ನುತ್ತಾರೆ. ನನಗೆ ಹಾಸಿಗೆಗೆ ಬಿದ್ದರೆ ನಿದ್ದೆ. ಕಷ್ಟವಾಗುವುದು ಬೆಳಿಗ್ಗೆ ಹತ್ತು ಗಂಟೆಗೆ, ಪ್ರಾರ್ಥನೆಯ ಗಂಟೆ ಹೊಡೆದಾಗ. ಕಾಲು ತಾನಾಗಿ ಚಪ್ಪಲಿ ಹುಡುಕುತ್ತದೆ. ಹುಡುಕಿ, ಹಾಕಿಕೊಂಡು, ಅಂಗಳದವರೆಗೆ ಹೋಗಿ, ತುಳಸಿಗೆ ಎರಡನೇ ಸಲ ನೀರು ಹಾಕಿ ಬರುತ್ತೇನೆ. ನನ್ನ ತುಳಸಿ ಬೇರು ಕೊಳೆತು ಸತ್ತದ್ದು ಹೀಗೆ.

ಇಂಥ ಒಂದು ಹತ್ತು ಗಂಟೆಗೆ ನಾನು ಹಡಗಿನಲ್ಲಿ ಕೆರಿಬಿಯನ್ ದ್ವೀಪಗಳಿಗೆ ಹೋಗಬೇಕೆಂದು ತೀರ್ಮಾನಿಸಿದೆ. ನಗಬೇಡಿ. ಇದು ಹಳೆಯ ಸಂಕಲ್ಪ. ನಮ್ಮ ಶಾಲೆಯಲ್ಲಿ ಒಂದು ಪ್ರಪಂಚದ ನಕ್ಷೆ ಇತ್ತು. ಕೆರಿಬಿಯನ್ ಸಮುದ್ರ ಇರಬೇಕಾದ ಜಾಗವನ್ನು ಗೆದ್ದಲು ತಿಂದು, ಅಲ್ಲಿ ರೂಪಾಯಿಯಷ್ಟು ಅಗಲದ ತೂತಾಗಿತ್ತು. ಒಮ್ಮೆ ಒಬ್ಬ ಹುಡುಗಿ, "ಟೀಚರ್, ಅಲ್ಲ್ ಎಂತ ಇತ್ತ್?" ಎಂದು ಕೇಳಿದಳು. ನಾನು ದ್ವೀಪಗಳ ಹೆಸರು ನೆನಪು ಮಾಡಿಕೊಳ್ಳುತ್ತಿದ್ದೆ. ಪಕ್ಕದ ತರಗತಿಯಿಂದ ಸೀಮೆಸುಣ್ಣ ಕೇಳಲು ಬಂದಿದ್ದ ಗಿರಿಜಾ ಟೀಚರ್ ಇಣುಕಿ ನೋಡಿ, "ಅಲ್ಲ್ ಗ್ವಾಡಿ ಇತ್ತ್" ಎಂದಳು. ಗೋಡೆ ಕಾಣುತ್ತಿದ್ದದ್ದು ನಿಜವೇ. ಆ ದಿನ ಮಧ್ಯಾಹ್ನ ಒಟ್ಟಿಗೆ ಊಟದ ಡಬ್ಬಿ ಬಿಚ್ಚಿಕೊಂಡು ಕೂತಾಗ ನಾವಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. "ಹೆಣೆ ಸರೋಜ, ರಿಟೈರ್ ಆದ್ ಮೇಲೆ ಆ ತೂತಿನೊಳ್ಗೆ ಎಂತ ಇತ್ತ್ ಅಂದೇಳಿ ನಾವಿಬ್ರೂ ಹೋಯಿ ಕಂಡ್ಕಂಡೇ ಬಪ್ಪ" ಎಂದಳು ಗಿರಿಜಾ. ಸಂಕಲ್ಪ ಎಂದದ್ದು ಇದನ್ನೇ.

ಕುಂದಾಪುರದಲ್ಲಿ ಟ್ರಾವೆಲ್ಸ್ ಇಟ್ಟಿರುವ ರಾಘು ನನ್ನ ಹಳೆಯ ವಿದ್ಯಾರ್ಥಿ. ಈಗ ನಲವತ್ತರ ಹತ್ತಿರ, ಹೊಟ್ಟೆ ಬಂದಿದೆ, ಆದರೂ ನನ್ನನ್ನು ಕಂಡರೆ ಕುರ್ಚಿಯಿಂದ ಎದ್ದು ನಿಲ್ಲುತ್ತಾನೆ. ಅವನ ವ್ಯಾಪಾರವೆಲ್ಲ ಮುಂಬಯಿ ಬಸ್ಸು, ಬೆಂಗಳೂರು ಬಸ್ಸು, ಅಪರೂಪಕ್ಕೆ ಒಂದು ಕಾಶಿ. ಕೆರಿಬಿಯನ್ ಎಂದಾಗ ಅವನು ಮತ್ತೆ ಎದ್ದು ನಿಂತ. ಆದರೆ ಹುಡುಗ ಚುರುಕು. ಒಂದು ವಾರದಲ್ಲಿ ಎಲ್ಲ ಓದಿಕೊಂಡು ನನಗೇ ಪಾಠ ಶುರುಮಾಡಿದ. ಮೊದಲ ಸಲ ಹೋಗುವವರಿಗೆ ಏಳು ದಿನದ ಯಾನ ಸಾಕಂತೆ. ಜೂನಿನಿಂದ ನವೆಂಬರಿನವರೆಗೆ ಅಲ್ಲಿ ಚಂಡಮಾರುತದ ಕಾಲ, ಹೋಗಬಾರದಂತೆ. ಇದು ನನಗೆ ಒಪ್ಪಿಗೆಯಾಯಿತು, ನಮ್ಮಲ್ಲೂ ಮಳೆಗಾಲದಲ್ಲಿ ದೋಣಿ ಕಡಲಿಗೆ ಇಳಿಸುವ ಕ್ರಮವಿಲ್ಲ. ಇನ್ನು ದಾರಿ ಮೂರು. ಪೂರ್ವದ ದಾರಿಯಲ್ಲಿ ಬಿಳಿ ಮರಳಿನ ತೀರ ಮತ್ತು ಸಾಲುಸಾಲು ಅಂಗಡಿ. ಪಶ್ಚಿಮದ ದಾರಿಯಲ್ಲಿ ಹಳೆಯ ಕಾಲದವರ ಕಲ್ಲಿನ ಗುಡಿಗಳು, ಗುಹೆಗಳು. ದಕ್ಷಿಣದ ದಾರಿಯಲ್ಲಿ ದಿನಕ್ಕೊಂದು ದ್ವೀಪ, ಉಸಿರು ಬಿಡಲು ಪುರುಸೊತ್ತಿಲ್ಲ. ಒಂದೇ ದಿನದಲ್ಲಿ ಏಳು ದೇವಸ್ಥಾನ ತೋರಿಸುವ ಟೂರಿಸ್ಟ್ ವ್ಯಾನಿನಲ್ಲಿ ನಾನೊಮ್ಮೆ ಹೋಗಿದ್ದೆ. ಯಾವ ದೇವರಿಗೆ ಯಾವ ಹರಕೆ ಹೇಳಿದೆನೆಂಬುದು ಇಂದಿಗೂ ಗೊಂದಲ. ಹಾಗಾಗಿ ದಕ್ಷಿಣ ಬೇಡವೆಂದೆ.

ಉಳಿದದ್ದು ಪೂರ್ವ, ಪಶ್ಚಿಮ. ಇದರಲ್ಲಿ ಒಂದನ್ನು ಆರಿಸಲು ನನಗೆ ಮೂರು ತಿಂಗಳು ಹಿಡಿಯಿತು. ಬಾಬಿಯ ಅಭಿಪ್ರಾಯವನ್ನೂ ಕೇಳಿದೆ. ಅವಳು ತಲೆಯ ಬುಟ್ಟಿ ಸರಿಮಾಡಿಕೊಂಡು, "ಸಮುದ್ರ ಕಾಂಬುಕೆ ಅಷ್ಟ್ ದೂರ ಹೋಯ್ಕಾ? ಮರವಂತೆಯಂಗೆ ಬಸ್ಸಿನ್ ಕಿಟ್ಕಿಯಂಗೇ ಕಾಂತಲೆ!" ಎಂದಳು. ಹಡಗಿನಲ್ಲಿ ಏಳು ದಿನ ಸುಮ್ಮನೆ ಕೂತಿರುತ್ತಾರೆ, ಯಾರೂ ಬಲೆ ಬೀಸುವುದಿಲ್ಲ ಎಂದು ತಿಳಿದ ಮೇಲಂತೂ ಅವಳಿಗೆ ನನ್ನ ಮೇಲಿದ್ದ ಗೌರವ ಕಡಿಮೆಯಾಯಿತು.

ಕೊನೆಗೆ ಒಂದು ದಿನ ರಾಘುವಿನ ಕಂಪ್ಯೂಟರಿನ ಮುಂದೆ ಕೂತು ಪೂರ್ವದ ದಾರಿಯೇ ಇರಲಿ ಎಂದೆ. "ಅಂಗಡಿ ಜಾಸ್ತಿ ಇಪ್ಪ ದ್ವೀಪ ಕಾಣ್. ಚೌಕಾಸಿ ಮಾಡುಕೆ ಆಯ್ಕ್. ಕೋಣಿ ಹಡಗಿನ ನಡೂ ಮಧ್ಯ ಇರ್ಲಿ, ಕೆಳಗಿನ ಮಾಳ್ಗಿಯಂಗೆ. ಅಲ್ಲ್ ಅಲ್ಗಾಡುದ್ ಕಮ್ಮಿ ಅಂಬ್ರ್, ವಾಂತಿ ಬತ್ತಿಲ್ಲೆ."

ರಾಘು ಬರೆದುಕೊಳ್ಳುತ್ತಿದ್ದವನು ತಲೆಯೆತ್ತಿದ. "ಟೀಚರ್, ನಿಮ್ಗ್ ವಾಂತಿ ಬತ್ತಾ?"

"ನಂಗೆಲ್ಲಿ ಬತ್ತ್?"

"ನೀವ್ ಚೌಕಾಸಿ ಮಾಡುದ್ ನಾನ್ ಕಂಡದ್ದೇ ಇಲ್ಲೆ. ಹಳೀ ಗುಡಿ, ಕಲ್ಲ್ ಅಂದ್ರೆ ನಿಮ್ಗ್ ಜೀವ. ಪಶ್ಚಿಮದ್ದೇ ತಕಂತ್ರಿ ಅಂದೇಳಿ ಎಣ್ಸಿದ್ದೆ. ಇದೆಲ್ಲ ಯಾರಿಗೆ ಟೀಚರ್?"

ಕೊಲ್ಲೂರಿಗೆ ಶಾಲಾ ಪ್ರವಾಸ ಹೋದಾಗಲೆಲ್ಲ ತಿರುವಿಗೊಂದರಂತೆ ವಾಂತಿ ಮಾಡಿ, ದೇವಸ್ಥಾನದ ಮುಂದೆ ಇಳಿದ ಮರುಕ್ಷಣ ಬಳೆ ಅಂಗಡಿಯವನ ಹತ್ತಿರ ಐದು ರೂಪಾಯಿಗೆ ಅರ್ಧ ಗಂಟೆ ಜಗಳವಾಡುತ್ತಿದ್ದವಳು ಗಿರಿಜಾ. ಮೂರು ತಿಂಗಳಿಂದ ನಾನು ಆರಿಸುತ್ತಿದ್ದದ್ದು ಅವಳ ಪ್ರಯಾಣವನ್ನು. ಆಗ ರಾಘು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದ. ಎಷ್ಟು ಜನ ಎಂದು ಕೇಳುವ ಜಾಗದಲ್ಲಿ ಮೊದಲೇ ಎರಡು ಎಂದಿತ್ತು. ಹಡಗಿನ ಕೋಣೆಗಳೆಲ್ಲ ಇಬ್ಬರಿಗಂತೆ. ಒಬ್ಬರೇ ಹೋದರೂ ಎರಡನೇ ಮಂಚಕ್ಕೆ ಹಣ ಕಟ್ಟಬೇಕಂತೆ. ಒಬ್ಬರೇ ಎನ್ನಲು ಪಕ್ಕದಲ್ಲಿ ಒಂದು ಮೈನಸ್ ಗುರುತು ಇತ್ತು. "ಒತ್ಲಾ ಟೀಚರ್?" ಎಂದ. ಆ ಚಿಕ್ಕ ಗೀಟು ನೋಡಿ ನನಗೆ ನಿಜವಾಗಿ ಅಳು ಬಂತು. ಶಾಲೆಯಲ್ಲಿ ಕಳೆಯುವ ಲೆಕ್ಕ ಎಷ್ಟು ಸಾವಿರ ಸಲ ಮಾಡಿಸಿದ್ದೇನೋ, ಆಗೆಲ್ಲ ಏನೂ ಅನಿಸಿರಲಿಲ್ಲ. "ಒಂದ್ ವಾರ ಕಾಣ್" ಎಂದು ಎದ್ದು ಬಂದೆ.

ಗಿರಿಜಾಳನ್ನು ಕರೆದರೆ ಮುಗಿಯಿತಲ್ಲ ಎನ್ನುತ್ತೀರಿ. ಅವಳಿಗೆ ವಂಡ್ಸೆಯ ಶಾಲೆಗೆ ವರ್ಗವಾಗಿತ್ತು, ನಾವು ಮಾತು ಬಿಟ್ಟು ಆರು ವರ್ಷ. ಕಾರಣ ಹೇಳುತ್ತೇನೆ, ನ್ಯಾಯ ನೀವೇ ಹೇಳಿ. ನಮ್ಮ ಕಡೆ ಮದುವೆಗೆ ಕರೆಯುವುದೆಂದರೆ ಹೇಳಿಕೆ. ಮನೆಗೆ ಬರಬೇಕು, ಕೂರಬೇಕು, ಕೊಟ್ಟ ನೀರು ಬೆಲ್ಲ ತೆಗೆದುಕೊಳ್ಳಬೇಕು, "ಎಲ್ಲರೂ ಬರ್ಕ್" ಎಂದು ಬಾಯಿಬಿಟ್ಟು ಹೇಳಬೇಕು. ಮದುವೆ ಕಾಗದ ಕೊಡುವುದು ತಾರೀಕಿನ ನೆನಪಿಗೆ ಮಾತ್ರ. ಗಿರಿಜಾಳ ಮಗಳ ಮದುವೆ ಬ್ರಹ್ಮಾವರದ ಛತ್ರದಲ್ಲಿತ್ತು. ನಾನು ಬೈಂದೂರು ಪೇಟೆಗೆ ಹೋಗಿ ಬರುವಷ್ಟರಲ್ಲಿ ಕಾಗದ ನನ್ನ ಮನೆಯ ಕಿಟಕಿಯ ಸರಳಿಗೆ ಸಿಕ್ಕಿಸಿತ್ತು. ಮೇಲೆ ಪೆನ್ನಿನಲ್ಲಿ "ಬರ್ಲೇಬೇಕು" ಎಂದು ಬರೆದಿತ್ತು. ಇನ್ನೊಮ್ಮೆ ಬಂದು ಹೇಳುತ್ತಾಳೆಂದು ಕಾದೆ. ಫೋನಾದರೂ ಮಾಡುತ್ತಾಳೆಂದು ಕಾದೆ. ಮದುವೆಯ ದಿನ ಬೆಳಿಗ್ಗೆ ರೇಷ್ಮೆ ಸೀರೆ ಉಟ್ಟುಕೊಂಡು ಫೋನಿನ ಮುಂದೆ ಕೂತವಳು ಮಧ್ಯಾಹ್ನ ಎರಡಕ್ಕೆ ಅದೇ ಸೀರೆಯಲ್ಲಿ ಗಂಜಿ ಉಂಡೆ. ಆಮೇಲೆ ಕಿಟಕಿಗೆ ಸಿಕ್ಕಿಸಿದ ಕಾಗದಕ್ಕೆ ನಾನು ಊಟಕ್ಕೆ ಹೋಗುವವಳಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ಅದಕ್ಕೆ ಅವಳು, "ಇಪ್ಪತ್ತ್ ವರ್ಷ ಒಟ್ಟಿಗೆ ಉಂಡವ್ಳಿಗೆ ಹೇಳಿಕೆ ಬೇರೆ ಬೇಕಾ?" ಎಂದಳಂತೆ. ಅಲ್ಲಿಗೆ ಮುಗಿಯಿತು.

ಒಂದು ವಾರದ ಗಡುವು ಮುಗಿಯುವ ಹಿಂದಿನ ದಿನ ವಂಡ್ಸೆಗೆ ಹೊರಟೆ, ಗಿರಿಜಾಳ ಮನೆ ಅಲ್ಲೇ. ಕೈಯಲ್ಲಿ ರಾಘು ಮುದ್ರಿಸಿ ಕೊಟ್ಟ ಪೂರ್ವದ ದಾರಿಯ ಹಾಳೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಹೋದರೆ ಬಾಗಿಲಿಗೆ ಬೀಗ. ನಿಜ ಹೇಳುತ್ತೇನೆ, ಬೀಗ ಕಂಡು ನನಗೆ ಸಮಾಧಾನವೇ ಆಯಿತು. ಪಕ್ಕದ ಮನೆಯ ಹೆಂಗಸು ಬೇಲಿಯ ಆಚೆಯಿಂದ, "ಗಿರ್ಜಕ್ಕ ಸೊಸೈಟಿಗ್ ಹೋಯಿರ್. ಈಗ ಬತ್ರ್, ಕೂಕಣಿ" ಎಂದಳು. ಬಸ್ಸಿಗೆ ಹೊತ್ತಾಯಿತೆಂದು ಸುಳ್ಳು ಹೇಳಿ, ಹಾಳೆಯ ಮೂಲೆಯಲ್ಲಿ "ಬರ್ಲೇಬೇಕು, ಸರೋಜ" ಎಂದು ಬರೆದು, ಕಿಟಕಿಯ ಸರಳಿಗೆ ಸಿಕ್ಕಿಸಿ ಬಂದುಬಿಟ್ಟೆ.

ವಂಡ್ಸೆಯಿಂದ ಯಡ್ತರೆಗೆ ಬರಲು ಹೆಮ್ಮಾಡಿಯಲ್ಲಿ ಇಳಿದು ಬಸ್ಸು ಬದಲಿಸಬೇಕು. ಅಲ್ಲಿ ನಿಂತಾಗಲೇ ನಾನು ಏನು ಮಾಡಿ ಬಂದೆನೆಂದು ತಲೆಗೆ ಹೊಳೆದದ್ದು. ಜೊತೆಗೆ, ಇಷ್ಟು ವರ್ಷ ಊರಿಗೆ ಕಥೆ ಹೇಳುವಾಗ ನಾನು ನುಂಗಿಕೊಂಡಿದ್ದ ಒಂದು ಸಂಗತಿಯೂ ನೆನಪಾಯಿತು. ನಿಮಗೂ ಈಗಷ್ಟೇ ಹೇಳುತ್ತಿದ್ದೇನೆ. ಆ ದಿನ ಗಿರಿಜಾ ನನ್ನ ಜಗಲಿಯಲ್ಲಿ ಒಂದು ಗಂಟೆ ಕಾದಿದ್ದಳಂತೆ, ಪಕ್ಕದ ಬೆಕ್ಕಿನ ಮನೆಯವರು ಆಗಲೇ ಹೇಳಿದ್ದರು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಮಗಳನ್ನು ಬೆಳೆಸಿದವಳು, ಬೈಂದೂರಿನಿಂದ ಬ್ರಹ್ಮಾವರದವರೆಗೆ ಒಬ್ಬಳೇ ಹೇಳಿಕೆಗೆ ತಿರುಗುತ್ತಿದ್ದಳು. ಚೀಲದಲ್ಲಿ ಇನ್ನೂ ಕಾಗದಗಳಿದ್ದವಂತೆ. ಅವಳು ಒಂದು ಗಂಟೆ ಕೂತಿದ್ದಳು. ಇವತ್ತು ನಾನು ಕುಳಿತೇ ಇರಲಿಲ್ಲ.

ಬೈಂದೂರು ಬಸ್ಸು ಬಂತು. ಕಂಡಕ್ಟರ್ ಗುರುತಿನವನು. "ಹ್ವಾಯ್ ಟೀಚರ್, ಹತ್ತಿ ಹತ್ತಿ!"

"ಇಲ್ಲೆ ಮಾರಾಯ. ವಾಪಾಸ್ ವಂಡ್ಸೆಗ್ ಹೋಯ್ಕ್."

"ಎಂತಾರೂ ಮರ್ತ್ ಬಂದ್ರ್ಯಾ?"

"ಹೌದ್. ಬಾಯಿ ಮರ್ತ್ ಬಂದೆ" ಎಂದೆ. ಅವನು ನನ್ನ ಬಾಯಿಯನ್ನೇ ನೋಡಿದ. ಹಲ್ಲಿನ ಸೆಟ್ಟು ಎಂದುಕೊಂಡನೋ ಏನೋ, ಪಾಪ, ತುಂಬ ಮರ್ಯಾದೆಯಿಂದ ಸೀಟಿ ಊದಿ ಹೋದ.

ವಂಡ್ಸೆಯಲ್ಲಿ ಬೀಗ ಹಾಗೆಯೇ ಇತ್ತು, ಹಾಳೆಯೂ ಕಿಟಕಿಯಲ್ಲಿತ್ತು. ಕಿತ್ತು ಚೀಲಕ್ಕೆ ಹಾಕಿಕೊಂಡು ಜಗಲಿಯಲ್ಲಿ ಕೂತೆ. ಒಂದು ಗಂಟೆ ಹತ್ತು ನಿಮಿಷ ಕೂತೆ. ಗಡಿಯಾರ ನೋಡಿಕೊಂಡೇ ಕೂತೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ, ಆ ಹತ್ತು ನಿಮಿಷ ನನ್ನ ಕಡೆಯ ಹೆಚ್ಚುವರಿ. ಕೊನೆಗೆ ಅಕ್ಕಿಚೀಲ ಹಿಡಿದುಕೊಂಡು ಗಿರಿಜಾ ಬಂದಳು. ಕೂದಲು ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ನೋಡಿ ಗೇಟಿನಲ್ಲೇ ನಿಂತಳು. ಆಮೇಲೆ ಚೀಲ ಕೆಳಗಿಟ್ಟು, "ಎಂತಕ್ಕೆ ಇಲ್ಲ್ ಕೂಕಂಡದ್ದ್? ಕಿಟ್ಕಿಗೆ ಕಾಗ್ದ ಸಿಕ್ಸಿ ಹೋಪುಕಾತಿತ್ತಲೆ!" ಎಂದಳು.

ಆರು ವರ್ಷ ಕಾದಿಟ್ಟ ಮಾತು. ನಾನು ನೆಟ್ಟಗೆ ಕೂತು, "ನಾನ್ ಹಾಂಗೆಲ್ಲ ಮಾಡುವಳಲ್ಲ. ಬಾಯಂಗೇ ಹೇಳುಕೆ ಬಂದದ್ದ್" ಎಂದೆ. ಹೇಳಿಯೂ ಬಿಟ್ಟೆ. ನಕ್ಷೆಯ ತೂತು, ಏಳು ದಿನ, ನಡುವಿನ ಕೋಣೆ, ಅಂಗಡಿಗಳು, ಎರಡು ಮಂಚ, ಎಲ್ಲ. ಕೊನೆಗೆ, "ನಂಗ್ ಒಬ್ಳಿಗೇ ಹೋಪುಕೆ ಮನ್ಸ್ ಬತ್ತಿಲ್ಲೆ ಹೆಣೆ. ನೀನ್ ಬರ್ಕ್" ಎಂದೆ.

ಗಿರಿಜಾ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬೇಲಿಯ ಆಚೆಯಿಂದ ಕೂಗು ಕೇಳಿತು. "ಹ್ವಾಯ್ ಗಿರ್ಜಕ್ಕ! ಬೆಳಿಗ್ಗೆ ಈ ಟೀಚರ್ ನಿಮ್ ಕಿಟ್ಕಿಗೆ ಒಂದ್ ಕಾಗ್ದ ಸಿಕ್ಸಿ ಹೋಯಿದ್ರ್. ಸಿಕ್ತಾ ನಿಮ್ಗೆ?"

ಗಿರಿಜಾ ನನ್ನನ್ನು ನೋಡಿದಳು. ನನ್ನ ಚೀಲ ನೋಡಿದಳು. ಚೀಲದಿಂದ ಹೊರಗೆ ಇಣುಕುತ್ತಿದ್ದ ಹಾಳೆಯ ಮೂಲೆಯಲ್ಲಿ "ಬರ್ಲೇಬೇಕು" ಎಂಬುದು ನನ್ನ ಅಕ್ಷರದಲ್ಲಿ, ಶಾಲೆಯ ಬೋರ್ಡಿನ ಮೇಲೆ ಬರೆದಷ್ಟು ದುಂಡಗೆ ಕಾಣುತ್ತಿತ್ತು. ಅವಳು ಬೀಗ ತೆಗೆದು ಒಳಗೆ ಹೋದಳು. ಅಡುಗೆಮನೆಯಲ್ಲಿ ಅವಳೊಬ್ಬಳೇ ನಗುವುದು ತುಂಬ ಹೊತ್ತು ಕೇಳಿಸಿತು. ನಾನು ಜಗಲಿಯಲ್ಲಿ ತಲೆ ತಗ್ಗಿಸಿ ಕೂತಿದ್ದೆ. ಆಮೇಲೆ ಒಂದು ಚೊಂಬು ನೀರು, ಒಂದು ಅಚ್ಚು ಬೆಲ್ಲ ತಂದು ಮುಂದಿಟ್ಟಳು.

ಬರುತ್ತೇನೆ ಎಂದು ಅವಳು ಇನ್ನೂ ಹೇಳಿಲ್ಲ. ಇಲ್ಲ ಎಂದೂ ಹೇಳಿಲ್ಲ. ಮಗಳನ್ನು ಕೇಳಬೇಕಂತೆ, ಹಡಗಿನಲ್ಲಿ ಕುಚ್ಚಲಕ್ಕಿ ಗಂಜಿ ಸಿಗುತ್ತದೆಯೇ ಎಂದು ನಾನು ವಿಚಾರಿಸಬೇಕಂತೆ. ಮರುದಿನ ಹತ್ತು ಗಂಟೆಯ ಪ್ರಾರ್ಥನೆಯ ಗಂಟೆ ಹೊಡೆಯುವಾಗ ನಾನು ರಾಘುವಿಗೆ ಫೋನು ಮಾಡಿ, "ಎರ್ಡ್ ಹಾಂಗೇ ಇರ್ಲಿ. ನಾನ್ ಹೇಳುವರಿಗೆ ಆ ಮೈನಸ್ ಮುಟ್ಬೇಡ" ಎಂದೆ. "ಅಕ್ಕ್ ಟೀಚರ್" ಎಂದ. ಫೋನು ಇಟ್ಟಾಗ ಬಾಬಿ ಅಂಗಳದಲ್ಲಿ ನಿಂತಿದ್ದಳು. ಅವಳು ಕೇಳುವ ಮೊದಲೇ ನಾನು ಆರು ಬಂಗುಡೆ ತೆಗೆದುಕೊಂಡೆ.