ಭರಣಿಯೊಳಗಿನ ಬ್ಯಾಟರಿ

ನಮ್ಮ ಕಾಕಾನಷ್ಟು ಮರ್ಯಾದೆಯಿಂದ ಮೀನು ಹಿಡಿದವರು ಹಿರೇಕೆರೂರು ತಾಲೂಕಿನಲ್ಲಿ ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವ ಲಕ್ಷಣವೂ ಇಲ್ಲ. ಕತ್ತಲಲ್ಲಿ ಸುಮ್ಮನೆ ಬಲೆ ಬೀಸುವುದು ಅವರ ಪ್ರಕಾರ ಶುದ್ಧ ಕಳ್ಳತನ. ದೀಪ ಹಚ್ಚಿ ಮೀನನ್ನು ಕರೆಯಬೇಕು, ಬಂದ ಮೇಲೆ ಮಾತಾಡಿಸಬೇಕು, ಆಮೇಲೆ ಹಿಡಿಯಬೇಕು. ಹಿಡಿದ ಮೇಲೆ ತಿನ್ನುತ್ತಿದ್ದರೇ? ತಿನ್ನದೆ ಬಿಡುತ್ತಾರೆಯೇ! ಉಪಚಾರಕ್ಕೂ ಒಂದು ಮಿತಿಯಿದೆ.

ಆ ದೀಪವೂ ನೀರಿನ ಮೇಲಲ್ಲ, ನೀರಿನೊಳಗೇ ಇರಬೇಕು! ಮೊದಲು ಉರಿಯುವ ಕಂದೀಲನ್ನೇ ಮಾಸೂರಿನ ಮದಗದ ಕೆರೆಗೆ ಇಳಿಸಿದರು. ಗಾಜು ಟಪ್ಪೆಂದು ಒಡೆಯಿತು.

"ನೀರಾಗ ಇಟ್ರ ದೀಪಾ ಆರೂದಿಲ್ಲೇನ್ರಿ?" ಎಂದು ಕಾಕಾನ ಹೆಂಡತಿ, ನಮ್ಮ ಚಿಗವ್ವ ಕೇಳಿದಳು.

"ಹೊರಗಿಟ್ರೂ ಗಾಳಿಗೆ ಆರತೈತಿ. ಅದಕ್ಕ ಹಚ್ಚೂದು ಬಿಟ್ಟೀಯೇನ?" ಎಂದರು ಕಾಕಾ.

ಮರುವಾರ ಚಿಗವ್ವನ ಉಪ್ಪಿನಕಾಯಿಯ ಗಾಜಿನ ಭರಣಿ ಖಾಲಿಯಾಯಿತು. ಕಾಕಾ ಅದರೊಳಗೆ ಹೊತ್ತಿಸಿದ ಕೈಬ್ಯಾಟರಿ ಇಟ್ಟು, ಮುಚ್ಚಳಕ್ಕೆ ಮೇಣ ಮೆತ್ತಿ, ಮುಳುಗಲೆಂದು ಚಟ್ನಿ ಅರೆಯುವ ಗುಂಡುಕಲ್ಲು ಕಟ್ಟಿದರು. ಮೀನು ಬಂದವು. ಅಂದಿನಿಂದ ಚಿಗವ್ವನ ಅಡುಗೆಮನೆ ಅರ್ಧ ಮನೆಯಲ್ಲಿ, ಅರ್ಧ ಕೆರೆಯಲ್ಲಿ.

ಅದು ಯುದ್ಧದ ಕಾಲ. ಸೀಮೆಎಣ್ಣೆಗೆ ಪರದಾಟ, ಬ್ಯಾಟರಿಯ ಸೆಲ್ಲಂತೂ ಕಣ್ಣಿಗೆ ಬೀಳುವುದೇ ಅಪರೂಪ. ಸತ್ತ ಸೆಲ್ಲುಗಳನ್ನು ಕಾಕಾ ಮಾಳಿಗೆಯ ಮೇಲೆ ಹಪ್ಪಳದ ಪಕ್ಕ ಬಿಸಿಲಿಗೆ ಹರವಿ, ಆಗಾಗ ಮಗ್ಗುಲು ಮಗುಚುತ್ತಿದ್ದರು. ಕಾದರೆ ಮತ್ತೆ ಜೀವ ಬರುತ್ತದಂತೆ. ಬಂದ ಜೀವವೆಲ್ಲ ಮೀನುಗಳಿಗೆ ಮೀಸಲು. ನಾವು ಕತ್ತಲಲ್ಲಿ ರೊಟ್ಟಿಗೆ ತಡಕಾಡುತ್ತಿದ್ದೆವು.

"ನಾನೂ ಮೀನಾಗಿ ಹುಟ್ಟಿದ್ರ ನನ್ನ ಮಾರೀನರ ನೋಡ್ತಿದ್ರಿ," ಎಂದಳು ಚಿಗವ್ವ.

"ಮೀನ ಇಷ್ಟು ಮಾತಾಡೂದಿಲ್ಲ ನೋಡ."

ಕಾಲೇಜಿನ ರಜೆಗೆ ಬಂದಿದ್ದ ನನ್ನನ್ನು ಒಂದು ಅಮಾವಾಸ್ಯೆಯಂದು ಕಾಕಾ ಹಿಡಿದುಕೊಂಡರು. "ಬೆಳಕಿನ ಪಾಠ ಓದಿದಾಂವ, ಬಾ. ಪ್ರಯೋಗ ನಾ ತೋರಸ್ತೇನಿ." ಹರಿಗೋಲಿನಲ್ಲಿ ನಾವಿಬ್ಬರೇ. ನನಗೆ ಈಜು ಬರುತ್ತಿರಲಿಲ್ಲ. ಪರೀಕ್ಷೆಯಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ದಂಡೆ ಯಾವ ಕಡೆ ಎಂಬುದೂ ತಿಳಿಯದಂಥ ಕತ್ತಲು.

ಭರಣಿ ಇಳಿಯಿತು. ನೀರು ಎಳೆ ಹೆಸರುಕಾಯಿಯ ಬಣ್ಣಕ್ಕೆ ತಿರುಗಿತು. ಮೊದಲು ಹುಳುಗಳು, ಹಿಂದೆಯೇ ಚಿಕ್ಕ ಮೀನುಗಳು. "ಬರ್ರಿ, ಬರ್ರಿ. ಮನಿಮಂದೆಲ್ಲಾ ಆರಾಮೇನ್ರಿ?" ಎಂದು ಕಾಕಾ ವಿಚಾರಿಸುತ್ತಿದ್ದರು. ಆಗ ತಳದಿಂದ ನನ್ನ ತೋಳಿನಷ್ಟು ಉದ್ದದ ಬಾಳೆಮೀನೊಂದು ಮೀಸೆ ಅಲ್ಲಾಡಿಸುತ್ತ ಬಂತು.

"ಹಿರ್ಯಾರು ಬಂದ್ರು," ಎಂದರು ಕಾಕಾ. ಎಂದವರೇ ಎದ್ದು ನಿಂತರು.

ಹಿರಿಯರು ಬಂದರೆ ಎದ್ದು ನಿಲ್ಲುವುದು ನಮ್ಮ ಮನೆತನದ ರೂಢಿ. ಆದರೆ ಹರಿಗೋಲಿಗೆ ಮನೆತನದ ರೂಢಿ ಗೊತ್ತೇ? ಅದು ಒಂದು ಕಡೆ ವಾಲಿ, ಕಾಕಾನನ್ನು ನೀರಿಗೆ ಚೆಲ್ಲಿ, ನನ್ನನ್ನು ಮಾತ್ರ ಉಳಿಸಿಕೊಂಡು ಗಿರಗಿರನೆ ತಿರುಗತೊಡಗಿತು. ಭರಣಿಯ ಹಗ್ಗವೂ ಅವರೊಂದಿಗೇ ಹೋಯಿತು.

ಬೆಳಕು ಕೆಳಗಿಳಿಯುತ್ತ ಸಣ್ಣದಾಯಿತು. ಆಮೇಲೆ ಮೇಲೇರಿತು. ನೀರಿನಿಂದ ಭರಣಿ ಹೊರಬಂತು, ಭರಣಿ ಹಿಡಿದ ಕೈ ಬಂತು; ಕಾಕಾ ಬರಲಿಲ್ಲ.

ಗುಂಡುಕಲ್ಲು ಜಗ್ಗುತ್ತಿತ್ತು. ಕೈ ಮುಳುಗಿತು, ಮತ್ತೆ ಎದ್ದಿತು. "ಭರಣಿ ಬಿಡ್ರಿ ಕಾಕಾ, ಬಿಡ್ರಿ!" ಎಂದು ಕಿರುಚಿದೆ. ಬಿಡಲೊಲ್ಲರು. ನಾನು ಹುಟ್ಟು ಚಾಚಿದೆ, ತಪ್ಪಿತು. ಮತ್ತೆ ಚಾಚಿದಾಗ ಇನ್ನೊಂದು ಕೈ ಅದನ್ನು ಹಿಡಿಯಿತು. ಎಳೆದು, ಹರಿಗೋಲಿನ ಅಂಚಿಗೆ ಅವರನ್ನು ಒರಗಿಸಿಕೊಳ್ಳುವ ಹೊತ್ತಿಗೆ ನನ್ನ ಹಲ್ಲು ಕಟಕಟ ಎನ್ನುತ್ತಿದ್ದವು. ನೀರಿಗೆ ಬಿದ್ದವರು ಅವರು, ನಡುಗಿದವನು ನಾನು! ಆ ಭರಣಿಯ ಬೆಳಕಿನಲ್ಲೇ ದಂಡೆಯ ಕಲ್ಲು ಹುಡುಕಿಕೊಂಡು ಮನೆ ಸೇರಿದೆವು.

ಚಿಗವ್ವ ತೊಯ್ದ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಗುಂಡಕಲ್ಲ ಬಂತೇನ್ರಿ?" ಎಂದಳು. ಆಮೇಲೆ ಒಲೆ ಹೊತ್ತಿಸಿ, ಹೊಗೆಯಲ್ಲಿ ಬಹಳ ಹೊತ್ತು ಕಣ್ಣೊರೆಸುತ್ತ ಕುಳಿತಳು.

ಪ್ರಾಣ ಹೋದರೂ ಭರಣಿ ಬಿಡದ ಮನುಷ್ಯನೆಂದು ಊರೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಕಣ್ಣು ಮುಚ್ಚಿದರೆ ಈಗಲೂ ಆ ಕೈ ಮುಳುಗುತ್ತದೆ, ಏಳುತ್ತದೆ.

ಮುಂದಿನ ರಜೆಗೆ ಬಂದಾಗ ಕಾಕಾ ಮಾಳಿಗೆಯ ಮೇಲೆ ಸೆಲ್ಲು ಮಗುಚುತ್ತಿದ್ದರು. ತಡೆಯಲಾರದೆ ಕೇಳಿದೆ: "ಅವತ್ತ ಯಾಕ ಬಿಡಲಿಲ್ರಿ?"

"ನಿನಗ ಈಜು ಬರೂದಿಲ್ಲ. ಬೆಳಕ ಮುಳುಗಿದ್ರ ನೀ ಒಬ್ಬಾಂವ ದಂಡಿ ಹೆಂಗ ಹುಡುಕ್ತಿದ್ದಿ?" ಎಂದು ಇನ್ನೊಂದು ಸೆಲ್ಲು ಮಗುಚಿದರು. "ತಗೋ ಅಂತ ನಿನ್ನ ಕಡೆ ಚಾಚಿದ್ದೆ. ನೀ ನೋಡಿದ್ರ ಹುಟ್ಟ ಚಾಚಾಕತ್ತಿದ್ದಿ."